ಅಕ್ಕ ವಾದಿ, ನಾನು ಪ್ರತಿವಾದಿ

ಸಮನ್ಸು ಬಂದದ್ದು ಮನೆಗಲ್ಲ, ಶಾಲೆಗೆ. ಹತ್ತಿಮತ್ತೂರಿನ ಶಾಲೆಯಲ್ಲಿ ನಾನು ಮೂರನೇ ಇಯತ್ತೆಯ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ವಯಸ್ಸಾದ ಒಬ್ಬ ಮನುಷ್ಯ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ಬಂದು ನಿಂತ.

"ಅಕ್ಕಾರ, ಹಾನಗಲ್ ಕೋರ್ಟಿನಿಂದ ಬಂದೇನ್ರಿ. ಇಲ್ಲೊಂದು ಸಹಿ ಮಾಡ್ರಿ," ಎಂದ.

ಕೋರ್ಟು ಎಂಬ ಮಾತು ಕೇಳಿ ಮಕ್ಕಳು ಮಗ್ಗಿ ನಿಲ್ಲಿಸಿದರು. ಸಹಿ ಮಾಡಿ ಕಾಗದ ಬಿಚ್ಚಿದೆ. ವಾದಿ ಎಂದಿದ್ದ ಕಡೆ ನನ್ನ ಅಕ್ಕನ ಹೆಸರಿತ್ತು. ಒಂದನೇ ಪ್ರತಿವಾದಿ ನಮ್ಮ ಅಣ್ಣ. ಎರಡನೇ ಪ್ರತಿವಾದಿ ನಾನು. ಆ ಹೊತ್ತು ಉಳಿದ ಮಗ್ಗಿಯನ್ನು ಮಕ್ಕಳೇ ಹೇಳಿಕೊಂಡರು, ನಾನು ಕುರ್ಚಿಯಿಂದ ಏಳಲಿಲ್ಲ.

ನಾವು ತಿಳವಳ್ಳಿಯವರು. ಅಕ್ಕ ಎಲ್ಲರಿಗಿಂತ ದೊಡ್ಡವಳು, ಅವಳನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ನಡುವಿನವನು ಅಣ್ಣ, ಊರಲ್ಲೇ ಅಪ್ಪನ ಹೊಲಮನೆ ನೋಡಿಕೊಂಡಿದ್ದ. ಕೊನೆಯವಳು ನಾನು, ಮದುವೆಯಾಗಿ ಹತ್ತಿಮತ್ತೂರಿಗೆ ಬಂದು ಅಲ್ಲೇ ಶಿಕ್ಷಕಿಯಾದವಳು. ಅಪ್ಪ ತೀರಿಕೊಂಡು, ಅವನ ಹಿಂದೆಯೇ ಅವ್ವನೂ ಹೋದ ಮೇಲೆ, ಹೊಲದ ಪಹಣಿ ಉತಾರದಲ್ಲಿ ಅಣ್ಣನೊಬ್ಬನ ಹೆಸರು ಏರಿತ್ತು. ಅಕ್ಕ ಹೋಗಿ ಕೇಳಿದ್ದಾಳೆ. ಇವನು ಏನೋ ಅಂದಿದ್ದಾನೆ, ಅವಳು ಏನೋ ಅಂದಿದ್ದಾಳೆ. ಅವಳು ಅಂಗಳದಿಂದಲೇ ನೀರು ಸಹ ಕುಡಿಯದೆ ತಿರುಗಿ ಹೋದಳಂತೆ. ಇದೆಲ್ಲ ನನಗೆ ಮುಟ್ಟುವ ಹೊತ್ತಿಗೆ ದಾವೆ ದಾಖಲಾಗಿತ್ತು.

ಅಣ್ಣನಿಗೆ ಫೋನು ಮಾಡಿದೆ.

"ನಿನ್ನನ್ನೂ ಬಿಟ್ಟಿಲ್ಲ ನೋಡು ಅಕಿ," ಅಂದ. "ಒಡಹುಟ್ಟಿದ ತಂಗೀನ ಕೋರ್ಟಿಗೆ ಎಳದಾಳ. ನೀ ಏನೂ ಹೆದರಬ್ಯಾಡ. ನನ್ನ ವಕೀಲರ ನಿನಗೂ ನಿಲ್ತಾರ. ವಕಾಲತ್ತಿಗೆ ಒಂದು ಸಹಿ ಮಾಡು, ಸಾಕು."

ಮಾಡಿದೆ. ಪಾಲು ಕೇಳಿ ಹಾಕುವ ದಾವೆಯಲ್ಲಿ, ಜೊತೆಗೆ ಬಾರದ ಹಕ್ಕುದಾರರನ್ನೆಲ್ಲ ಪ್ರತಿವಾದಿ ಎಂದೇ ಬರೆಯಬೇಕಾಗುತ್ತದೆ, ಅದು ಕಾಯ್ದೆಯ ಪದ್ಧತಿ, ಅದರಲ್ಲಿ ಹಗೆಯೇನೂ ಇಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನನ್ನ ಹೆಸರಿನ ಹಿಂದಿದ್ದ ಆ ಶಬ್ದ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಮೊದಲ ತಾರೀಖಿಗೆ ರಜೆ ಹಾಕಿ, ಸವಣೂರಿನಲ್ಲಿ ಬಸ್ಸು ಬದಲಿಸಿ, ಬಂಕಾಪುರದ ಮೇಲಿಂದ ಹಾನಗಲ್ಲಿಗೆ ಹೋದೆ. ಕೋರ್ಟಿನ ಪಡಸಾಲೆಯಲ್ಲಿ ಅಣ್ಣ ಕಾಯುತ್ತಿದ್ದ. ಅದೇ ಪಡಸಾಲೆಯ ಆ ತುದಿಯ ಬೆಂಚಿನ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಹಸಿರು ಇಳಕಲ್ ಸೀರೆ, ತೊಡೆಯ ಮೇಲೊಂದು ಚೀಲ. ನನ್ನನ್ನು ನೋಡಿ ಏಳಲು ಹೋದವಳು ಅಣ್ಣನನ್ನು ಕಂಡು ಹಾಗೇ ಕೂತಳು. ನಾನು ಅಣ್ಣನ ಪಕ್ಕ ನಿಂತೆ. ಕೂಗುವವನು ಬಾಗಿಲಿಗೆ ಬಂದು ಅಣ್ಣನ ಹೆಸರನ್ನು ಅಪ್ಪನ ಹೆಸರಿನ ಸಮೇತ ಕೂಗಿದ. ಅಪ್ಪನ ಹೆಸರನ್ನು ಯಾರೂ ಅಷ್ಟು ಗಟ್ಟಿಯಾಗಿ ಕೂಗಿ ಎಷ್ಟೋ ಕಾಲವಾಗಿತ್ತು. ಮೂವರೂ ಒಟ್ಟಿಗೇ ತಲೆ ಎತ್ತಿದೆವು.

ಒಳಗೆ ಹೋಗಿ ಕೈಮುಗಿದು ನಿಂತೆವು. ಮುಂದಿನ ತಾರೀಖು ಕೊಟ್ಟರು. ಹೊರಗೆ ಬಂದೆವು. ಅಷ್ಟಕ್ಕೇ ಅವತ್ತಿನ ದಿನ ಮುಗಿದಿತ್ತು.

ಅಕ್ಕನ ಜೊತೆ ಮತ್ತೆ ಮಾತು ಹತ್ತಿದ್ದು ವಕೀಲರು ಕಲಾಪ ಬಹಿಷ್ಕರಿಸಿದ ಒಂದು ದಿನ. ಯಾವ ಕೇಸೂ ನಡೆಯಲಿಲ್ಲ. ಅಣ್ಣ ಗೊಬ್ಬರದ ಅಂಗಡಿಯಲ್ಲಿ ಕೆಲಸವಿದೆ ಎಂದು ಗಾಡಿ ಹತ್ತಿ ಹೋದ. ನನ್ನ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಟೈಪಿಸ್ಟರ ಶೆಡ್ಡಿನ ಹಿಂದೆ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಬೆಂಚಿದೆ. ಅಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಬೆಂಚಿನ ಆ ಕಡೆ ಕೂತಳು. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದೆವು.

"ಊಟಾ ಮಾಡೀಯಿಲ್ಲೋ?" ಎಂದಳು, ಗೋಡೆಗೆ ಹೇಳಿದಂತೆ.

"ಇಲ್ಲ."

"ಬುತ್ತಿ ತಂದೇನಿ."

ಚೀಲದಿಂದ ಅರಿವೆಯ ಗಂಟು ತೆಗೆದು ಬಿಚ್ಚಿದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ರೊಟ್ಟಿಗಳು ಒಬ್ಬರಿಗಷ್ಟೇ ಆಗುವಷ್ಟಲ್ಲ, ಇಬ್ಬರಿಗಾಗಿ ಮಿಕ್ಕುವಷ್ಟಿದ್ದವು.

"ಇಷ್ಟ್ಯಾಕ ತಂದೀ?" ಎಂದೆ.

"ಪ್ರತಿ ತಾರೀಖಿಗೂ ಇಷ್ಟ ತರ್ತೇನಿ," ಎಂದಳು. "ನೀ ಇವತ್ತ ಬಂದಿ."

ನಾನು ಒಂದು ರೊಟ್ಟಿ ಮುರಿದೆ. ಅವಳು ನೀರಿನ ಬಾಟಲಿ ಮುಂದೆ ಹಿಡಿದಳು.

ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಬೆಳಿಗ್ಗೆ ಪಡಸಾಲೆಯಲ್ಲಿ ನಾನು ಅಣ್ಣನ ಕಡೆ, ಅವಳು ಆ ಕಡೆ. ಮುಂದಿನ ತಾರೀಖು ಸಿಕ್ಕು ಅಣ್ಣ ಹೊರಟುಹೋದ ಮೇಲೆ ಬೇವಿನ ಮರದ ಕೆಳಗೆ ಇಬ್ಬರೂ ಒಂದೇ ಬೆಂಚು. ನಾನು ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕರಿದ ಖಾರಾ ಕಟ್ಟಿಸಿಕೊಂಡು, ವೀಳ್ಯದೆಲೆ ತೆಗೆದುಕೊಂಡು ಹೋಗುತ್ತಿದ್ದೆ. ಸವಣೂರು ಎಲೆ ಎಂದರೆ ಅಕ್ಕನಿಗೆ ಪ್ರಾಣ. ಅವಳ ಬುತ್ತಿ ಉಂಡು, ನನ್ನ ಎಲೆ ಹಾಕಿಕೊಂಡು ಕೂಡುತ್ತಿದ್ದೆವು. ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೇಸಿನ ಮಾತು ಅಲ್ಲಿ ಬರುತ್ತಿರಲಿಲ್ಲ. ಅವ್ವನ ಅಡುಗೆ, ಅಪ್ಪನ ಸಿಟ್ಟು, ನಾವು ಸಣ್ಣವರಿದ್ದಾಗ ಸತ್ತುಹೋದ ಎಮ್ಮೆ, ಇಂಥವೇ. ಅವ್ವ ಪಂಚಮಿಗೆ ಮಾಡುವ ಅಳ್ಳಿಟ್ಟಿಗೆ ಯಾಲಕ್ಕಿ ಹಾಕುತ್ತಿದ್ದಳೋ ಇಲ್ಲವೋ ಎಂಬ ವಾದ ಒಂದು ತಾರೀಖಿನಲ್ಲಿ ಮುಗಿಯದೆ ಮುಂದಿನದಕ್ಕೆ ಹೋಯಿತು. ಹಾಕುತ್ತಿದ್ದಳು ಎಂದು ನಾನು. ಇಲ್ಲ, ಅದು ಜಾಜಿಕಾಯಿ ಎಂದು ಅವಳು.

ಊರಿನ ಸುದ್ದಿ ತರುತ್ತಿದ್ದವಳೂ ಅವಳೇ, ಇದು ನನಗೆ ಈಗಲೂ ಸೋಜಿಗ. ಅಣ್ಣನ ಮನೆಗೆ ಹೋಗಿ ಬರುವವಳು ನಾನು. ಅವಳು ತವರಿನ ಹೊಸ್ತಿಲು ಮೆಟ್ಟಿರಲಿಲ್ಲ. ಆದರೆ ಹಿರೇಕೆರೂರಿನಿಂದ ಹಾನಗಲ್ಲಿಗೆ ಬರುವ ಬಸ್ಸು ತಿಳವಳ್ಳಿಯಲ್ಲಿ ನಿಂತು ಬರುತ್ತದೆ. ಅಕ್ಕ ಕಿಟಕಿಯ ಸೀಟು ಹಿಡಿದು ಕೂಡುತ್ತಿದ್ದಳು. ಬಸ್ಸು ನಿಂತಷ್ಟು ಹೊತ್ತು ಇಳಿಯದೆ ನೋಡುತ್ತಿದ್ದಳು. ಊರು ದಾಟುವ ಮುಂಚೆ ರಸ್ತೆಗೆ ಹತ್ತಿಕೊಂಡೇ ನಮ್ಮ ಹೊಲ.

"ಗೋವಿನಜ್ವಾಳ ಎದಿಮಟ ಬಂದಾವು," ಎನ್ನುತ್ತಿದ್ದಳು. "ಈ ಸಲ ಕಳೇವು ಛಲೋ ತಗಸ್ಯಾನ." ಇನ್ನೊಮ್ಮೆ, "ಬದುವಿನ ಮ್ಯಾಲಿನ ಬನ್ನಿ ಗಿಡಾ ಕಡದಾನ. ಯಾಕ ಕಡದನೋ. ಒಣಗಿತ್ತು ಕಾಣ್ತೈತಿ." ಬೈಯುತ್ತಿರಲಿಲ್ಲ. ತಮ್ಮನ ಹೊಲದ ಬೆಳೆ ಚೆನ್ನಾಗಿದ್ದರೆ ಅವಳ ದನಿಯಲ್ಲಿ ಒಂದು ಖುಷಿಯೇ ಇರುತ್ತಿತ್ತು.

"ಇಳದು ಒಂದೀಟು ನಿಂತರ ಬರಬೇಕಿಲ್ಲ?" ಎಂದು ಒಮ್ಮೆ ಕೇಳಿದೆ.

"ಇಳದ್ರ ಎಲ್ಲಿಗೆ ಹೋಗ್ಲಿ?" ಎಂದಳು.

ನಾನು ಎಲೆಯ ತೊಟ್ಟು ಮುರಿದು ಅವಳ ಕೈಗೆ ಕೊಟ್ಟೆ.

ಹೀಗೇ ವರ್ಷಗಳು ಹೋದವು. ನ್ಯಾಯಾಧೀಶರು ಬದಲಾದರು. ಅಕ್ಕನ ವಕೀಲ ಹುಡುಗನಂತಿದ್ದವನು ಸಂಸಾರಸ್ಥನಾದ. ಕೊನೆಗೊಂದು ದಿನ ಅಕ್ಕನ ಸಾಕ್ಷಿ ಎಂದು ತಾರೀಖು ಬಂತು.

ಅವಳು ಆ ದಿನಕ್ಕಾಗಿ ಎಷ್ಟು ಕಾದಿದ್ದಳು ಎಂಬುದು ನನಗೆ ಗೊತ್ತಿತ್ತು. ನಾವಿಬ್ಬರೂ ಲಂಗ ಉಡುವ ವಯಸ್ಸಿನಲ್ಲಿ, ಬದುವಿನ ತಕರಾರಿನಲ್ಲಿ ಅಪ್ಪ ಇದೇ ಹಾನಗಲ್ಲಿನ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದ. ನಮ್ಮನ್ನೂ ಕರೆದುಕೊಂಡು ಬಂದಿದ್ದ. ಕಟಕಟೆಯಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು, ಆ ಬದುವನ್ನು ಅವನ ಅಪ್ಪ ಹೇಗೆ ಹಾಕಿದ, ಯಾವ ಮಳೆಗೆ ಎಲ್ಲಿ ಒಡೆಯಿತು, ಯಾರು ಯಾರು ಸೇರಿ ಕಟ್ಟಿದರು ಎಂದು ಅಪ್ಪ ಹೇಳುತ್ತಲೇ ಇದ್ದ. ನಡುನಡುವೆ ನ್ಯಾಯಾಧೀಶರು ಅದನ್ನು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು, ಪಕ್ಕದವರು ಟೈಪು ಮಾಡುತ್ತಿದ್ದರು. ಎದುರು ಪಕ್ಷದವನು ಸಹ ಬಾಯಿ ತೆರೆದು ಕೇಳುತ್ತಿದ್ದ. ಅಪ್ಪನನ್ನು ಅಷ್ಟು ಮಾತಾಡಿ ನಾವೆಂದೂ ಕಂಡಿರಲಿಲ್ಲ. ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಈಗ ಅಕ್ಕನ ಸರದಿ. ಹೊಸ ಸೀರೆ ಉಟ್ಟು ಬಂದಿದ್ದಳು. ಕಟಕಟೆ ಹತ್ತಿ ಸೆರಗು ಸರಿಮಾಡಿಕೊಂಡು ನಿಂತಳು. ಅವಳ ವಕೀಲರು ಟೈಪು ಮಾಡಿದ ಹಾಳೆಗಳನ್ನು ತೋರಿಸಿದರು.

"ಈ ಪ್ರಮಾಣಪತ್ರದಾಗ ಬರದದ್ದೆಲ್ಲಾ ಖರೇ ಏನ್ರಿ?"

"ಖರೇರಿ."

"ಸಹಿ ನಿಮ್ದ?"

"ಹೌದ್ರಿ."

ಪಾಟೀಸವಾಲಿಗೆ ಮುಂದಿನ ತಾರೀಖು ಎಂದರು. ಅಕ್ಕ ಇಳಿಯಲಿಲ್ಲ.

"ಸಾಹೇಬ್ರ, ನಾ ಇನ್ನೂ ಏನೂ ಹೇಳೇ ಇಲ್ರಿ," ಎಂದಳು.

ನ್ಯಾಯಾಧೀಶರು ಒಳ್ಳೆಯವರು. ಅವಸರ ಮಾಡಲಿಲ್ಲ. "ನೀವು ಹೇಳಬೇಕಾದದ್ದೆಲ್ಲ ಇದರಲ್ಲಿ ಬರೆದಿದೆಯಮ್ಮ. ಈಗ ಮೊದಲಿನ ಹಾಗೆ ಬಾಯಲ್ಲಿ ಹೇಳಿಸುವುದಿಲ್ಲ. ಕಾಯ್ದೆ ಹಾಗೆ ಬದಲಾಗಿ ಬಹಳ ಕಾಲವಾಯಿತು," ಎಂದರು.

ಬೇವಿನ ಕೆಳಗೆ ಬಂದಾಗ ಅವಳು ಬುತ್ತಿ ಬಿಚ್ಚಲಿಲ್ಲ.

"ಅಪ್ಪಗ ಹೇಳಾಕ ಬಿಟ್ಟಿದ್ರಲ್ಲ," ಎಂದಳು.

"ಹಂಗೆಲ್ಲಾ ಹೇಳಿಸ್ಕೋತ ಕುಂತ್ರ ಕೇಸು ಮುಗ್ಯಾಂಗಿಲ್ಲಂತ ಅಕ್ಕ. ವ್ಯಾಳ್ಯಾ ಉಳೀತೈತಿ."

"ಯಾರ ವ್ಯಾಳ್ಯಾ?"

"ಏನ್ ಹೇಳಾಕಿ ಇದ್ದಿ?" ಎಂದು ಕೇಳಿದೆ.

"ಜಡ್ಜ್ ಸಾಹೇಬ್ರಿಗೆ ಏನಿಲ್ಲ. ತಮ್ಮಗ ಹೇಳಾಕಿ ಇದ್ದೆ. ಅಂವಾ ಅಲ್ಲೇ ಕುಂತಿರ್ತಿದ್ದ. ಎದ್ದು ಹೋಗಾಕ ಬರತಿರಲಿಲ್ಲ."

ಪಾಟೀಸವಾಲು ಮುಗಿಯಲು ಮತ್ತಷ್ಟು ತಾರೀಖುಗಳು ಹೋದವು. ಆಮೇಲೆ ಒಂದು ಮಳೆಗಾಲದ ಬೆಳಿಗ್ಗೆ ನಮ್ಮ ವಕೀಲರು, ಎಂದರೆ ಅಣ್ಣನ ವಕೀಲರು, ಪಡಸಾಲೆಯಲ್ಲಿ ನನ್ನನ್ನು ನಗುತ್ತ ಕರೆದರು.

"ಅಕ್ಕಾರ, ನಿಮಗೊಂದು ಛಲೋ ಸುದ್ದಿ ಐತ್ರಿ. ಸಿವಿಲ್ ದಾವೆ ನಡಸೂ ಕಾಯ್ದೆಕ್ಕ ತಿದ್ದುಪಡಿ ಆಗೇತಿ. ಸಣ್ಣ ರೈತರ ಕೇಸು ಮೊದಲ ತಗೀಬೇಕಂತ. ಸುಮ್ಮಸುಮ್ನ ತಾರೀಖು ಕೇಳಾಕ ಬರಂಗಿಲ್ಲ. ಹಳೇ ಕೇಸನ್ನೂ ಒಮ್ಮೆ ರಾಜಿಗೆ ಕಳಿಸಿ ನೋಡ್ತಾರ. ಸಮನ್ಸು ಸೈತ ಮೊಬೈಲಿಗೆ ಬರೂ ಹಂಗ ಆಗೇತ್ರಿ ಈಗ."

"ನಾ ಏನ್ ಮಾಡಬೇಕ್ರಿ?"

"ನೀವು ಏನೂ ಮಾಡೂದಿಲ್ಲ. ಇಷ್ಟು ವರ್ಷ ಎರಡು ಬಸ್ಸು ಹತ್ತಿ ಬಂದ್ರಿ, ಸಾಕು. ನಿಮ್ಮ ಹೇಳಿಕಿ ಬೇಕಾದ್ರ ವಿಡಿಯೋದಾಗ ಕೊಡಾಕ ಬರ್ತೈತಿ. ಮನ್ಯಾಗ ಆರಾಮ ಇರ್ರಿ."

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಈ ಮಾತು ಕೇಳಿ, "ನಮ್ಮದೂ ಮುಗೀತೈತೇನ್ರಿ ಸಾಹೇಬ್ರ ಹಂಗಾದ್ರ?" ಎಂದು ಆಸೆಯಿಂದ ಹತ್ತಿರ ಬಂದರು. ಅವರ ದಾವೆ ಅವರ ಅಣ್ಣ ಹೂಡಿದ್ದು, ಆ ಅಣ್ಣ ತೀರಿಹೋಗಿ ಈಗ ಇವರು ಓಡಾಡುತ್ತಿದ್ದರು. ಅವರ ಮುಖ ನೋಡಿದರೆ ಈ ಬದಲಾವಣೆ ಬಹಳ ಮೊದಲೇ ಬರಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ನನಗೂ ಅನ್ನಿಸಿತು. ಆದರೂ ತಿರುಗಿ ನೋಡಿದೆ. ಆಚೆ ತುದಿಯ ಬೆಂಚಿನಲ್ಲಿ ಅಕ್ಕ ತನ್ನ ಚೀಲದ ಬಾಯಿ ಕಟ್ಟಿ ಬಿಚ್ಚಿ ಮಾಡುತ್ತ ಕೂತಿದ್ದಳು.

ಅವತ್ತು ಊಟ ಮುಗಿದ ಮೇಲೆ ಹೇಳಿದೆ. ಅವಳ ವಕೀಲರೂ ಅವಳಿಗೆ ಅದನ್ನೇ ಹೇಳಿದ್ದರು.

"ಛಲೋ ಆತು ಬಿಡು," ಎಂದಳು. "ನಿನಗೂ ರಜಾ ಉಳೀತಾವು." ಎಲೆಗೆ ಸುಣ್ಣ ಹಚ್ಚಿದಳು. ಹಚ್ಚಿದ ಎಲೆಗೇ ಮತ್ತೆ ಹಚ್ಚಿದಳು. ಆಮೇಲೆ, "ಹಂಗಾರ ನಾವು ಭೆಟ್ಟಿ ಆಗೂದು?" ಎಂದಳು.

"ನಾ ಹಿರೇಕೆರೂರಿಗೆ ಬರ್ತೇನಿ."

"ಬಾ," ಎಂದಳು. ಆ 'ಬಾ' ಎಂಬುದರಲ್ಲಿ ನಂಬಿಕೆ ಇರಲಿಲ್ಲ. ನಮ್ಮ ಕಡೆ ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಕಾರಣವಿಲ್ಲದೆ ಒಬ್ಬರ ಮನೆಗೊಬ್ಬರು ಹೋಗಿ ಬರುವುದು ಎಷ್ಟು ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು. ಮದುವೆ, ಸಾವು, ಇಲ್ಲವೆ ತವರಿನ ಹಬ್ಬ ಬೇಕು. ಕೋರ್ಟಿಗೆ ಹೋಗಬೇಕು ಎಂದರೆ ಮಾತ್ರ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಮುಂದಿನ ತಾರೀಖಿಗೆ ನಾನು ಬೇಕಿರಲಿಲ್ಲ. ಆದರೂ ಹೋದೆ. ಮನೆಯವರಿಗೆ ತಾರೀಖಿದೆ ಎಂದಷ್ಟೇ ಹೇಳಿದೆ. ಬೇವಿನ ಮರದ ಹತ್ತಿರ ಹೋದರೆ ಅಕ್ಕ ಆಗಲೇ ಕೂತಿದ್ದಾಳೆ.

"ನಿನಗ ಬರಬ್ಯಾಡ ಅಂದಿದ್ರಲ್ಲ?" ಎಂದಳು.

"ನಿನಗೂ ಅಂದಿದ್ರಲ್ಲ?" ಎಂದೆ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಟೈಪಿಸ್ಟರ ಶೆಡ್ಡಿನಿಂದ ಒಬ್ಬರು ಇಣುಕಿ ನೋಡಿದರು. ಕೋರ್ಟಿನ ಆವರಣದಲ್ಲಿ ಹಾಗೆ ನಗುವವರನ್ನು ಅವರು ಕಂಡಿರಲಿಕ್ಕಿಲ್ಲ.

ರಾಜಿಗೆ ಕರೆದದ್ದು ಅದಾದ ಸ್ವಲ್ಪ ದಿನಕ್ಕೆ. ಅದಕ್ಕೆ ಮಾತ್ರ ಮೂವರೂ ಖುದ್ದಾಗಿ ಬರಬೇಕೆಂದು ಹೇಳಿದ್ದರು. ಕೋರ್ಟಿನ ಹಿಂಬದಿಯ ಸಣ್ಣ ಕೋಣೆ, ನಡುವೆ ಒಂದು ಮೇಜು, ಸುತ್ತ ಕುರ್ಚಿಗಳು. ಮಧ್ಯಸ್ಥಿಕೆಗೆ ಶಿಗ್ಗಾವಿಯಿಂದ ಒಬ್ಬ ವಕೀಲೆ ಬಂದಿದ್ದರು, ಐವತ್ತರ ಹೆಣ್ಣುಮಗಳು. ನಮ್ಮ ವಕೀಲರಿಬ್ಬರನ್ನೂ ಸ್ವಲ್ಪ ಹೊತ್ತು ಹೊರಗಿರಲು ಹೇಳಿದರು.

"ಇಲ್ಲಿ ಆಡಿದ ಮಾತು ಕೋರ್ಟಿನ ಕಾಗದಕ್ಕ ಹೋಗಂಗಿಲ್ರಿ," ಎಂದರು. "ಯಾರಿಗೆ ಏನ್ ಹೇಳೂದೈತಿ, ಬಿಚ್ಚಿ ಹೇಳ್ರಿ. ಅವಸರಿಲ್ಲ." ಅಕ್ಕನ ಕಡೆ ತಿರುಗಿ, "ಮೊದಲು ನೀವು," ಎಂದರು.

ಅಕ್ಕ ನಂಬಲಿಲ್ಲ. "ಬರದದ್ದನ್ನ ಓದಬೇಕೇನ್ರಿ?" ಎಂದಳು.

"ಇಲ್ಲ, ಬಾಯಿಲೆ ಹೇಳ್ರಿ."

ಅಕ್ಕ ಕೈ ಎರಡನ್ನೂ ಮೇಜಿನ ಮೇಲಿಟ್ಟಳು. ಅಣ್ಣ ಅವಳ ನೇರ ಎದುರಿಗೆ ಕೂತಿದ್ದ, ಕಿಟಕಿ ಕಡೆ ನೋಡುತ್ತಿದ್ದ.

"ತಮ್ಮಾ," ಎಂದಳು, "ಅವ್ವ ಸತ್ತ ಮರುವರ್ಷ ಪಂಚಮಿಗೆ ನೀ ಕರಿಯಾಕ ಬರ್ತಿ ಅಂತ ಚೀಲಾ ತುಂಬಿ ಇಟ್ಟಿದ್ದೆ. ಮಗ್ಗಲ ಮನಿಯಾಕಿ ಅಣ್ಣ ಬಂದ, ಕರಕೊಂಡು ಹ್ವಾದ. ಎದುರಿನ ಮನಿಯಾಕಿನೂ ಹ್ವಾದ್ಲು. ಓಣ್ಯಾಗ ನಾ ಒಬ್ಬಾಕಿ ಉಳದೆ. ಹಬ್ಬ ಮುಗದಮ್ಯಾಲೂ ಆ ಚೀಲಾ ಬಿಚ್ಚಲಿಲ್ಲ. ಅತ್ತಿ, ಎಲ್ಲಿಗೆ ಹೊಂಟೀರಿ ಅಂತ ಸೊಸಿ ಕೇಳಿದ್ಲು. ಏನಂತ ಹೇಳ್ಲಿ? ಮುಂದಿನ ವರ್ಷನೂ ಹಂಗ ಆತು. ಅದರ ಮುಂದಿನ ವರ್ಷ ಕೇಸು ಹಾಕಿದೆ. ಕೇಸು ಹಾಕಿದ್ರ ಮಾರಿ ತೋರಸಾಕರ ಬರ್ತಾನ ಅಂತ."

ಅಣ್ಣ ಕಿಟಕಿಯಿಂದ ಮುಖ ತಿರುಗಿಸಿದ.

"ಏನಂತ ಕರೀಲಿ?" ಎಂದ. ದನಿ ಒಡೆದಿತ್ತು. "ಅವ್ವ ಇಲ್ಲದ ಮನಿಗೆ ಏನಂತ ಕರೀಲಿ? ನೀವಿಬ್ರೂ ಬರ್ತೀರಿ, ಅಡಗಿಮನಿ ನೋಡಿ ಅಳ್ತೀರಿ, ಹೊಳ್ಳಿ ಹೋಗ್ತೀರಿ. ಆಮ್ಯಾಲ ಆ ಮನ್ಯಾಗ ಇರಾಂವ ನಾನಲ್ಲೇನ ಅಕ್ಕಾ?"

ದಾವೆ ಹಾಕಿದಾಗಿನಿಂದ ಅವನು ಅವಳನ್ನು 'ಅಕಿ' ಎನ್ನುತ್ತಿದ್ದ, ಇಲ್ಲವೆ 'ವಾದಿ' ಎನ್ನುತ್ತಿದ್ದ. 'ಅಕ್ಕಾ' ಎಂದದ್ದು ಅವನಿಗೇ ಕೇಳಿಸಿತೋ ಏನೋ, ತಲೆ ತಗ್ಗಿಸಿದ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ವಕೀಲೆ ಅಕ್ಕನ ಮುಂದೆ ನೀರಿನ ಲೋಟ ಸರಿಸಿದರು. ಆಮೇಲೆ ಮೆಲ್ಲಗೆ, "ಈಗ ಹೊಲದ ಮಾತಿಗೆ ಬರೋಣೇನ್ರಿ?" ಎಂದರು.

"ಪಂಚಮಿಗೆ ಕರೀಬೇಕು ಅಂತ ಬರೀರಿ ಅದರಾಗ," ಎಂದಳು ಅಕ್ಕ.

"ಬರದ್ರ ಜಾರಿ ಮಾಡಾಕ ಬರಂಗಿಲ್ಲ ಅಕ್ಕಾರ," ಎಂದರು ಅವರು. ನಗಲಿಲ್ಲ, ನಿಜವಾಗಿಯೂ ಬೇಸರದಿಂದ ಹೇಳಿದರು.

ಆಮೇಲೆ ನನ್ನ ಕಡೆ ನೋಡಿದರು. "ನಿಮ್ಮ ಪರವಾಗಿ ಪಾಲು ಬ್ಯಾಡ ಅಂತ ವಕೀಲರು ಬರದುಕೊಟ್ಟಾರ. ನಿಮ್ಮ ಬಾಯಿಂದ ಕೇಳಬೇಕ್ರಿ ನನಗ."

ಅಷ್ಟು ವರ್ಷಗಳಲ್ಲಿ ನನ್ನನ್ನು ಹೀಗೆ ಕೇಳಿದವರು ಅವರೊಬ್ಬರೇ. ಬೇಡ ಎಂದರೆ ಅಣ್ಣನ ಮನೆಯ ಬಾಗಿಲು ನನಗೆ ತೆರೆದಿರುತ್ತದೆ, ಅದು ಗೊತ್ತಿತ್ತು. ಬೇಕು ಎಂದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅಣ್ಣ ನನ್ನನ್ನೇ ನೋಡುತ್ತಿದ್ದ. ಅಕ್ಕ ನೋಡುತ್ತಿರಲಿಲ್ಲ, ಮೇಜಿನ ಮೇಲೆ ಬೆರಳಾಡಿಸುತ್ತಿದ್ದಳು.

"ನನಗೂ ಬೇಕ್ರಿ," ಎಂದೆ. "ಅಕ್ಕನ ಹೊಲದ ಬಾಜೂಕ ಕೊಟ್ರ ಆತು. ಹೆಚ್ಚಿಗೆ ಬ್ಯಾಡ."

ನಾನು ಅಂದುಕೊಂಡಂತೆ ಅಣ್ಣ ಸಿಟ್ಟಿಗೇಳಲಿಲ್ಲ. ದಣಿದವನಂತೆ ಕುರ್ಚಿಗೆ ಬೆನ್ನು ಕೊಟ್ಟ. ಮನೆ ಮತ್ತು ನೀರಾವರಿಯ ಹೊಲ ಅವನಿಗೆ, ರಸ್ತೆಗೆ ಹತ್ತಿದ ಮಳೆಯಾಶ್ರಯದ ಹೊಲದಲ್ಲಿ ಒಂದರ ಪಕ್ಕ ಒಂದು ನಮ್ಮಿಬ್ಬರಿಗೆ. ಇನ್ನೆರಡು ಸಲ ಕೂತು ಎಲ್ಲ ಇತ್ಯರ್ಥವಾಯಿತು. ಇಷ್ಟು ವರ್ಷ ಎಳೆದಾಡಿದ ದಾವೆ ಎರಡು ಹಬ್ಬಗಳ ನಡುವೆ ಮುಗಿದುಹೋಯಿತು. ರಾಜಿಗೆ ಮೂವರೂ ಸಹಿ ಹಾಕಿದೆವು. ನ್ಯಾಯಾಧೀಶರು ಓದಿ, ಒಪ್ಪಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ, ಡಿಕ್ರಿ ಬರೆಸಿದರು. ಹೊರಗೆ ವಕೀಲರಿಬ್ಬರೂ ಕೈಕುಲುಕಿದರು. ಎಲ್ಲರೂ ಸಂತೋಷದಲ್ಲಿದ್ದರು.

ಅವತ್ತು ಅಣ್ಣನ ಗಾಡಿ ರಿಪೇರಿಗೆ ಹೋಗಿತ್ತು. ಮೂವರೂ ನಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆವು. ಅವನು ಮುಂದೆ, ನಾವಿಬ್ಬರು ಹಿಂದೆ, ಸಣ್ಣವರಿದ್ದಾಗ ಸಂತೆಗೆ ಬರುತ್ತಿದ್ದ ಹಾಗೆ. ಅವನೇ ಮೂವರಿಗೂ ಚಹಾ ತಂದ. ನನ್ನ ಸವಣೂರಿನ ಬಸ್ಸು ಮೊದಲು ಬಂತು. ಕಿಟಕಿಯಿಂದ ನೋಡಿದೆ. ಇಬ್ಬರೂ ಹಿರೇಕೆರೂರಿನ ಬಸ್ಸಿಗೆ ಕಾಯುತ್ತ ಅಕ್ಕಪಕ್ಕ ನಿಂತಿದ್ದರು. ಇವತ್ತು ಅಕ್ಕ ತಿಳವಳ್ಳಿಯಲ್ಲಿ ಇಳಿಯುತ್ತಾಳೆ ಎಂದು ನನ್ನ ಮನಸ್ಸು ಹೇಳಿತು. ಬಂಕಾಪುರ ದಾಟುವವರೆಗೂ ನಾನು ಅದನ್ನೇ ನೆನೆಯುತ್ತಿದ್ದೆ. ಅವಳು ಅಂಗಳಕ್ಕೆ ಕಾಲಿಡುವುದು, ಅತ್ತಿಗೆ ನೀರು ತಂದುಕೊಡುವುದು, ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಡುವುದು.

ಮರುದಿನ ಫೋನು ಮಾಡಿದೆ.

"ಇಳದಿ?"

"ಇಲ್ಲವ್ವಾ." ಸ್ವಲ್ಪ ತಡೆದು ಹೇಳಿದಳು. "ಬಸ್ಸಿನ್ಯಾಗ ಅಂವಾ ಮುಂದಿನ ಸೀಟಿನ್ಯಾಗ ಕುಂತಿದ್ದ, ನಾ ಅವನ ಹಿಂದ. ಕಂಡಕ್ಟರ್ ಬಂದ. ಎಲ್ಲಿಗ್ರಿ ಅಮ್ಮ ಅಂದ. ನಾ ಸುಮ್ನಿದ್ದೆ. ಅಂವಾ ಏನರ ಅಂತಾನೇನೋ ಅಂತ. ಕಂಡಕ್ಟರ್ ಮತ್ತ ಕೇಳಿದ. ಹಿರೇಕೆರೂರು ಅಂದೆ. ಫ್ರೀ ತಿಕೀಟು ಹರದು ಕೊಟ್ಟ."

"ಅಣ್ಣ?"

"ಇಳಿಯೂಮುಂದ ಹೊಳ್ಳಿ ನೋಡಿದ. ಬರ್ತೇನಿ ಅಕ್ಕಾ ಅಂದ. ಪಾಪ, ಅವನಿಗೂ ಬಾ ಅನ್ನಾಕ ಬಾಯಿ ಬರಲಿಲ್ಲ."

ಅವಳು ಅವನನ್ನು 'ಪಾಪ' ಎಂದಳು. ನಾನು ಫೋನು ಇಟ್ಟು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತೆ.

ಇದೆಲ್ಲ ಆಗಿ ಈಗ ಕೆಲ ಕಾಲವಾಗಿದೆ. ನಾನು ನಿವೃತ್ತಳಾಗಿದ್ದೇನೆ. ಹೊಲ ಅಳೆದು ಕಲ್ಲು ನೆಟ್ಟರು. ಅಕ್ಕನದೂ ನನ್ನದೂ ಒಬ್ಬನೇ ರೈತನಿಗೆ ಲಾವಣಿಗೆ, ಎಂದರೆ ಗೇಣಿಗೆ, ಕೊಟ್ಟಿದ್ದೇವೆ. ಅವನು ಕೇಳಬೇಕಾದದ್ದನ್ನು ಫೋನಿನಲ್ಲೇ ಕೇಳುತ್ತಾನೆ. ಅಣ್ಣ ಮದುವೆಗೆ ಕರೆದರೆ ಬರುತ್ತಾನೆ, ಎದುರಾದರೆ ಮಾತಾಡಿಸುತ್ತಾನೆ. ಪಂಚಮಿಗೆ ಮಾತ್ರ ಅಕ್ಕನನ್ನೂ ಕರೆದಿಲ್ಲ, ನನ್ನನ್ನೂ ಕರೆದಿಲ್ಲ.

ನನಗೆ ಆಗಾಗ ಹಾನಗಲ್ಲಿಗೆ ಹೋಗಬೇಕೆನಿಸುತ್ತದೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಎಲ್ಲರೂ ಕೋರ್ಟು ಕಚೇರಿ ಎಂದರೆ ಸಾಕಪ್ಪಾ ಸಾಕು ಎಂದು ಕೈಮುಗಿಯುತ್ತಾರೆ, ನಾನು ಹೌದು ಹೌದು ಎನ್ನುತ್ತೇನೆ. ಅಕ್ಕನ ಜೊತೆ ಫೋನಿದೆ. ಅವಳು ಫೋನಿನಲ್ಲಿ ಮಾತಾಡುವವಳಲ್ಲ. ಆರಾಮ ಅದೀಯಿಲ್ಲೋ, ಮಳಿ ಹೆಂಗೈತಿ, ಹುಡುಗೂರು ಹೆಂಗದಾವು, ಇಷ್ಟಾದ ಮೇಲೆ ಮೊಮ್ಮಗನ ಕೈಗೆ ಕೊಟ್ಟುಬಿಡುತ್ತಾಳೆ.

ಹೋದ ಚಳಿಗಾಲದಲ್ಲಿ ಅವಳಿಗೆ ಮೊಣಕಾಲು ನೋವು ಹೆಚ್ಚಾಗಿದೆ ಎಂದು ಕೇಳಿ ಹಿರೇಕೆರೂರಿಗೆ ಹೋದೆ. ನನ್ನನ್ನು ಕಂಡು ಇಡೀ ಮನೆ ಎದ್ದು ನಿಂತಿತು. ಸೊಸೆ ಕಾಲಿಗೆ ನೀರು ಕೊಟ್ಟಳು. ಭಾವ ಪಡಸಾಲೆಯಲ್ಲಿ ಕೂರಿಸಿಕೊಂಡು ಹತ್ತಿಮತ್ತೂರಿನ ಬೆಳೆ ಕೇಳಿದರು. ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಕುಂಟುತ್ತಲೇ ಹೋಳಿಗೆ ಮಾಡಿಸಿದಳು, ಬಡಿಸಿದಳು, ಇನ್ನೊಂದು ಹಾಕಿಸಿಕೋ ಎಂದು ಬೀಗರಿಗೆ ಒತ್ತಾಯ ಮಾಡಿದಂತೆ ಮಾಡಿದಳು. ಇಬ್ಬರೇ ಕೂತ ಗಳಿಗೆಯಲ್ಲೂ ಸೊಸೆ ಚಹಾ ತಂದಳು, ಮೊಮ್ಮಗ ಮೊಬೈಲು ತಂದ. ಅವಳು ಅವಳ ಮನೆಯ ಯಜಮಾನತಿ, ನಾನು ಅವರ ಮನೆಗೆ ಬಂದ ನೆಂಟಳು. ಉಡಿ ತುಂಬಿ, ಕುಂಕುಮ ಹಚ್ಚಿ ಕಳಿಸಿದರು.

ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಬೇಡ ಎಂದರೂ ಕೇಳಲಿಲ್ಲ. ಅವಳ ಮಗ ಗಾಡಿಯ ಮೇಲೆ ತಂದು ಬಿಟ್ಟು, ಬಸ್ಸು ಹತ್ತಿಸಿದ ಮೇಲೆ ಫೋನು ಮಾಡು ಎಂದು ಹೋದ. ಸಿಮೆಂಟಿನ ಬೆಂಚಿನ ಮೇಲೆ ಇಬ್ಬರೇ ಕೂತೆವು. ಅವಳು ಕಾಲು ಚಾಚಿ, ಮೊಣಕಾಲನ್ನು ನೀವಿಕೊಂಡಳು. ಸುತ್ತ ಬಸ್ಸುಗಳ ಗದ್ದಲ, ಶೇಂಗಾ ಮಾರುವವರು, ಕಾಲೇಜಿನ ಹುಡುಗಿಯರು. ನಮ್ಮನ್ನು ಯಾರೂ ನೋಡುತ್ತಿರಲಿಲ್ಲ.

"ಅಲ್ಲಾ, ಅಪ್ಪ ಎಮ್ಮಿ ಸತ್ತ ದಿನ ಅತ್ತಿದ್ದ, ನಿನಗ ನೆನಪೈತಿ?" ಎಂದಳು ಇದ್ದಕ್ಕಿದ್ದಂತೆ.

"ಅಪ್ಪ? ಅಪ್ಪ ಎಲ್ಲಿ ಅತ್ತಾನ?"

"ನೀ ಸಣ್ಣಾಕಿ ಇದ್ದಿ. ದನಾ ಕಟ್ಟೂ ದಂದಕ್ಕಿಯಾಗ ನಿಂತು ಅತ್ತ. ನಾ ನೋಡೇನಿ."

ನಾನು ಇಲ್ಲ ಎಂದೆ. ಅವಳು ಹೌದು ಎಂದಳು. ಅಷ್ಟರಲ್ಲಿ ಹಾನಗಲ್ಲಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು ಊರ ಹೆಸರುಗಳನ್ನು ಕೂಗತೊಡಗಿದ. ನಾನು ಚೀಲ ತೆಗೆದುಕೊಂಡು ಎದ್ದೆ. ಅಕ್ಕ ನನ್ನ ಸೆರಗಿನ ತುದಿ ಹಿಡಿದಳು.

"ಇದು ಭಾಳ ರಶ್ ಐತಿ," ಎಂದಳು. "ಹಿಂದ ಇನ್ನೊಂದು ಐತಿ, ಕುಂದರು."

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ನಾನು ಚೀಲ ಕೆಳಗಿಟ್ಟು ಕೂತೆ.